‘ಕಂಪ್ರೆಸರ್ ಹೋಗಿದೆ’ ಎನ್ನುವ ಮೊದಲು: ಕಾರಿನ ಎಸಿ ದೋಷ ಹುಡುಕುವ ಬಗೆ

ಮನೆ ಹುಬ್ಬಳ್ಳಿಯಲ್ಲಿ, ನೌಕರಿ ಗದಗಿನಲ್ಲಿ. ಹೋಗಿ ಬರುವುದೆಂದರೆ ದಿನಕ್ಕೆ ಸುಮಾರು 115 ಕಿಲೋಮೀಟರ್. ಏಪ್ರಿಲ್ ಬಂದರೆ ಆ ರಸ್ತೆಯ ಎರಡೂ ಬದಿಯ ಎರೆಹೊಲಗಳು ಬಿರುಕು ಬಿಡುತ್ತವೆ. ಮಧ್ಯಾಹ್ನ ಕಾರಿನ ಗಾಜು ಇಳಿಸಿದರೆ ಒಲೆಯ ಮುಂದೆ ಮುಖ ಒಡ್ಡಿದ ಹಾಗಾಗುತ್ತದೆ. ಅಂಥದೊಂದು ಏಪ್ರಿಲ್‌ನಲ್ಲಿ ನನ್ನ ಕಾರಿನ ಎಸಿಗೆ ವಿಚಿತ್ರ ಚಾಳಿ ಹತ್ತಿತು. ಬೆಳಗ್ಗೆ ಮನೆ ಬಿಡುವಾಗ ತಂಪೋ ತಂಪು. ಅಣ್ಣಿಗೇರಿ ಸಮೀಪಿಸುವಷ್ಟರಲ್ಲಿ ಬರೀ ಬಿಸಿಗಾಳಿ. ಗದಗಿನಲ್ಲಿ ಬೇವಿನ ಮರದ ನೆರಳಿಗೆ ನಾಲ್ಕು ತಾಸು ನಿಲ್ಲಿಸಿ ಹೊರಟರೆ ಮತ್ತೆ ತಂಪು, ಅಣ್ಣಿಗೇರಿಗೆ ಬಂದರೆ ಮತ್ತೆ ಅದೇ ರಾಗ.

ಒಂದು ಗ್ಯಾರೇಜಿಗೆ ಒಯ್ದೆ. ಹುಡುಗ ಬಾನೆಟ್ ಎತ್ತಿ ಎರಡು ನಿಮಿಷ ಇಣುಕಿ, “ಸರ್, ಕಂಪ್ರೆಸರ್ ಹೋಗಿದೆ. 22,000 ಆಗುತ್ತದೆ” ಎಂದ. ಗ್ಯಾಸಿನ ಒತ್ತಡ ಅಳೆಯುವ ಗೇಜ್ ಜೋಡಿಸಲಿಲ್ಲ, ಕರೆಂಟ್ ನೋಡುವ ಮೀಟರ್ ಹಿಡಿಯಲಿಲ್ಲ. ಕೊನೆಗೆ ಅದನ್ನು ಸರಿಮಾಡಿದ್ದು ಗೋಕುಲ ರಸ್ತೆಯ ಒಳಗಲ್ಲಿಯಲ್ಲಿರುವ ಒಬ್ಬ ಹಿರಿಯ ಮೇಸ್ತ್ರಿ, ಅದೂ ಉಗುರಿಗಿಂತ ತೆಳುವಾದ ಒಂದು ವಾಶರ್ ತೆಗೆದು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಎರಡು ವರ್ಷದ ಮೇಲೆ ಅದೇ ಕಂಪ್ರೆಸರ್ ನಿಜವಾಗಿಯೂ ಕೆಟ್ಟಿತು. ಆಗ ಕಾಕಾ ಊರಲ್ಲಿರಲಿಲ್ಲ. ನಾನು ಅವಸರಕ್ಕೆ ಬಿದ್ದು ಬೇರೆ ಕಡೆ ಬದಲಿಸಿಕೊಂಡು ಇನ್ನೊಂದು ಪಾಠ ಕಲಿತೆ. ಮೊದಲನೆಯದು ನಿರಪರಾಧಿ ಕಂಪ್ರೆಸರನ್ನು ಗಲ್ಲಿಗೇರಿಸಲು ಹೊರಟ ಕಥೆ, ಎರಡನೆಯದು ಅದರ ಹೆಣವನ್ನಷ್ಟೇ ಎತ್ತಿ ವಿಷವನ್ನು ಮನೆಯಲ್ಲೇ ಬಿಟ್ಟ ಕಥೆ. ಕೆಳಗೆ ಬರೆದಿರುವುದೆಲ್ಲ ಈ ಎರಡರಿಂದ ಹುಟ್ಟಿದ್ದು.

ಸುತ್ತು ಹೇಗೆ ತಿರುಗುತ್ತದೆ

ಇಷ್ಟು ಗೊತ್ತಿದ್ದರೆ ಸಾಕು. ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡಿ ಮುಂದಕ್ಕೆ ದೂಡುತ್ತದೆ. ರೇಡಿಯೇಟರಿನ ಮುಂದೆ ಕೂತ ಕಂಡೆನ್ಸರ್ ಆ ಬಿಸಿಯನ್ನು ಹೊರಗಿನ ಗಾಳಿಗೆ ಕೊಟ್ಟು ಗ್ಯಾಸನ್ನು ದ್ರವ ಮಾಡುತ್ತದೆ. ಡ್ರೈಯರ್ ಅದರಲ್ಲಿನ ನೀರಿನ ಪಸೆಯನ್ನೂ ಕಸವನ್ನೂ ಹಿಡಿದುಕೊಳ್ಳುತ್ತದೆ. ಎಕ್ಸ್‌ಪ್ಯಾನ್ಶನ್ ವಾಲ್ವ್‌ನ ಸಣ್ಣ ಕಿಂಡಿಯಿಂದ ಚಿಮ್ಮಿದ ದ್ರವ ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗುತ್ತ ಕಾರಿನೊಳಗಿನ ಶಾಖವನ್ನು ಹೀರಿ ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಕಂಪ್ರೆಸರಿಗೆ ಬೇಕಾದ ಎಣ್ಣೆಯೂ ಇದೇ ಗ್ಯಾಸಿನ ಜೊತೆ ಊರೆಲ್ಲ ಸುತ್ತಿ ಬರುತ್ತದೆ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ. ಗ್ಯಾಸ್ ಸೋರಿದರೆ ಎಣ್ಣೆಯ ಓಡಾಟವೂ ನಿಲ್ಲುತ್ತದೆ, ಕಂಪ್ರೆಸರ್ ಒಳಗೊಳಗೇ ಒಣಗಿ ತೇಯುತ್ತದೆ.

ಉಪಕರಣ ಕೈಗೆತ್ತಿಕೊಳ್ಳುವ ಮುನ್ನ

ಮೊದಲು ಕಾರಿನೊಳಗೆ ಕೂತೇ ಕೆಲವು ಸಂಗತಿ ತೀರ್ಮಾನಿಸಬಹುದು. ಗಾಳಿಯೇ ಕಡಿಮೆ ಬರುತ್ತಿದೆಯೋ, ಗಾಳಿ ಜೋರಾಗಿದ್ದು ತಂಪಿಲ್ಲವೋ? ಗಾಳಿಯೇ ಕಡಿಮೆಯಿದ್ದರೆ ಕಂಪ್ರೆಸರಿನ ಸುದ್ದಿ ಬಿಡಿ, ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಎಳೆದು ನೋಡಿ. ಬ್ಯಾಡಗಿ ಕಡೆಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಕಾರು ಕಾಕಾರ ಶೆಡ್ಡಿಗೆ ಬಂದಿತ್ತು. ಆ ಫಿಲ್ಟರ್ ಹೊರಗೆಳೆದದ್ದೇ ತಡ, ಶೆಡ್ಡಿನಲ್ಲಿದ್ದವರೆಲ್ಲ ಕಣ್ಣುಜ್ಜಿಕೊಳ್ಳುತ್ತ ಸೀನುತ್ತ ರಸ್ತೆಗೆ ಬಂದರು. ಫಿಲ್ಟರ್ ಬದಲಿಸಿದ ಮೇಲೆ ಆ ಕಾರಿಗೆ ಬೇರೇನೂ ಬೇಕಾಗಲಿಲ್ಲ.

ಗಾಳಿ ಜೋರಾಗಿದ್ದೂ ತಂಪಿಲ್ಲದಿದ್ದರೆ, ಯಾವಾಗ ತಂಪಿಲ್ಲ ಎಂದು ಗಮನಿಸಿ. ಚನ್ನಮ್ಮ ವೃತ್ತದ ಸಿಗ್ನಲ್‌ನಲ್ಲಿ ನಿಂತಾಗ ಬಿಸಿ, ಹೆದ್ದಾರಿಗೆ ಬಿದ್ದರೆ ತಂಪು ಎಂದಾದರೆ ಎರಡು ಸಾಧ್ಯತೆಗಳು: ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಕಂಪ್ರೆಸರ್ ದುರ್ಬಲವಾಗಿದೆ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ, ಗೇಜ್ ಮಾತ್ರ ಬೇರ್ಪಡಿಸುತ್ತದೆ. ಅರ್ಧ ತಾಸು ತಂಪಾಗಿದ್ದು ಆಮೇಲೆ ನಿಂತರೆ ಕಂಪ್ರೆಸರನ್ನು ಬೆಲ್ಟಿನ ಪುಲ್ಲಿಗೆ ಜೋಡಿಸಿ ಬಿಡಿಸುವ ಅಯಸ್ಕಾಂತದ ಕ್ಲಚ್ಚಿನ ಮೇಲೆ, ಇಲ್ಲವೇ ಕಿಂಡಿಯಲ್ಲಿ ಹೆಪ್ಪುಗಟ್ಟುವ ನೀರಿನ ಪಸೆಯ ಮೇಲೆ ಅನುಮಾನ ಹೋಗಬೇಕು. ದಿನದಿಂದ ದಿನಕ್ಕೆ ತುಸುತುಸುವೇ ಕಡಿಮೆಯಾಗುತ್ತ ಬಂದಿದ್ದರೆ ಅದು ಸೋರಿಕೆ.

ಬಾನೆಟ್ ಎತ್ತಿ ಟಾರ್ಚ್ ಬೆಳಕು ಬಿಟ್ಟು ಕಂಡೆನ್ಸರನ್ನು ನೋಡಿ. ನಮ್ಮ ಕಡೆಯ ಕಾರುಗಳಿಗೆ ಇದು ವಿಶೇಷವಾಗಿ ಹೇಳಬೇಕಾದ ಮಾತು. ಎರೆಮಣ್ಣಿನ ಧೂಳು ಒಣಗಿದ್ದಾಗ ಹಿಟ್ಟಿನಂತೆ ನವಿರು. ಒಂದು ಮಳೆ ಬಿದ್ದರೆ ರೆಕ್ಕೆಗಳ ನಡುವೆ ಗಾರೆಯಂತೆ ಕಚ್ಚುತ್ತದೆ. ಅದರ ಮೇಲೆ ಹತ್ತಿ ಲಾರಿಗಳ ಹಿಂದೆ ಹೋದಾಗ ಹಾರಿ ಬಂದ ಅರಳೆಯ ಎಳೆ ಅಂಟಿದರೆ ಒಂದು ತೆಳು ಕಂಬಳಿ ಹೊದಿಸಿದ ಹಾಗೆ. ಅದನ್ನು ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಮುಖವಾಗಿ, ಮೆಲ್ಲನೆ ಹರಿಯುವ ನೀರಿನಿಂದ ತೊಳೆಯಬೇಕು. ವಾಟರ್ ಸರ್ವೀಸ್‌ನವರ ಪ್ರೆಶರ್ ಗನ್ ಹತ್ತಿರ ತಂದರೆ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಎಸಿ ಹಾಕಿದಾಗ ಫ್ಯಾನ್ ತಿರುಗುತ್ತಿದೆಯೇ ಎಂದೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ.

ಕ್ಲಚ್ ಹಿಡಿಯುತ್ತಿದೆಯೇ?

ಎಂಜಿನ್ ಚಾಲೂ ಮಾಡಿ, ಬ್ಲೋವರ್ ಪೂರ್ತಿ ಇಟ್ಟು, ಎಸಿ ಬಟನ್ ಒತ್ತಿಸಿ. ಕಂಪ್ರೆಸರಿನ ಮುಖ ನೋಡಿ. ಬೆಲ್ಟ್ ಕೂತಿರುವ ಪುಲ್ಲಿ ಯಾವಾಗಲೂ ತಿರುಗುತ್ತಿರುತ್ತದೆ. ಅದರ ಮುಂದಿನ ತಟ್ಟೆ ಮಾತ್ರ ಎಸಿ ಹಾಕಿದಾಗ ‘ಟಕ್’ ಎಂದು ಅಂಟಿಕೊಂಡು ಜೊತೆಗೆ ತಿರುಗಬೇಕು. ತಿರುಗದಿದ್ದರೆ ಕಂಪ್ರೆಸರ್ ಕೆಲಸಕ್ಕೇ ಬಂದಿಲ್ಲ ಎಂದರ್ಥ. ಕೆಲಸಕ್ಕೆ ಬಾರದವನನ್ನು ಕೆಲಸ ಬರುವುದಿಲ್ಲ ಎಂದು ಬೈಯುವುದು ನ್ಯಾಯವಲ್ಲ. ಕೆಲವು ಹೊಸ ಕಾರುಗಳ ಕಂಪ್ರೆಸರಿಗೆ ಈ ಕ್ಲಚ್ಚೇ ಇರುವುದಿಲ್ಲ, ತಟ್ಟೆ ಸದಾ ತಿರುಗುತ್ತಿರುತ್ತದೆ, ಒಳಗಿನ ಕಂಟ್ರೋಲ್ ವಾಲ್ವ್ ಒತ್ತಡವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಅಂಥವಕ್ಕೆ ಈ ಪರೀಕ್ಷೆ ನಡೆಯದು.

ತಟ್ಟೆ ಅಂಟದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ. ಅದೇ ನಂಬರಿನ ಇನ್ನೊಂದು ರಿಲೇ, ಸಾಮಾನ್ಯವಾಗಿ ಹಾರ್ನ್‌ನದ್ದು, ಅದಲು ಬದಲು ಮಾಡಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಅದರ ನಂತರ ಪ್ರೆಶರ್ ಸ್ವಿಚ್. ಗ್ಯಾಸಿನ ಒತ್ತಡ ಸುಮಾರು 30 ಪಿಎಸ್‌ಐಗಿಂತ ಕೆಳಗಿಳಿದರೆ ಅಥವಾ 450ರ ಆಸುಪಾಸಿಗೆ ಏರಿದರೆ ಅದು ಕ್ಲಚ್ಚಿಗೆ ಕರೆಂಟ್ ಕೊಡಗೊಡುವುದಿಲ್ಲ. ಅದು ಕಂಪ್ರೆಸರನ್ನು ಉಳಿಸಲು ಇಟ್ಟ ಕಾವಲುಗಾರ. ಗ್ಯಾಸ್ ಖಾಲಿಯಾದ ಕಾರಿನಲ್ಲಿ ಅದನ್ನು ತಂತಿಯಿಂದ ದಾಟಿಸಿ ಎಸಿ ಓಡಿಸುವುದನ್ನು ನಾನು ಕಂಡಿದ್ದೇನೆ. ಗ್ಯಾಸಿಲ್ಲದೆ ಎಣ್ಣೆ ಸುತ್ತುವುದಿಲ್ಲ, ಚೆನ್ನಾಗಿದ್ದ ಕಂಪ್ರೆಸರ್ ಈ ಪರೀಕ್ಷೆಯಲ್ಲೇ ಸಾಯುತ್ತದೆ.

ಕ್ಲಚ್ಚಿನ ಕನೆಕ್ಟರಿಗೆ 13 ವೋಲ್ಟ್‌ನ ಆಸುಪಾಸು ಬರುತ್ತಿದ್ದೂ ತಟ್ಟೆ ಅಂಟುತ್ತಿಲ್ಲವೆಂದರೆ ದೋಷ ಕ್ಲಚ್ಚಿನದೇ. ಕನೆಕ್ಟರ್ ಬಿಚ್ಚಿ ಕ್ಲಚ್ಚಿನೊಳಗಿನ ಅಯಸ್ಕಾಂತದ ತಂತಿಸುರುಳಿ, ಅಂದರೆ ಕಾಯಿಲ್‌ನ ರೋಧ ಅಳೆಯಿರಿ. ಹೆಚ್ಚಿನ ಕಾರುಗಳಲ್ಲಿ 3ರಿಂದ 5 ಓಮ್ ಬರುತ್ತದೆ. ಮೀಟರ್ ಏನನ್ನೂ ತೋರಿಸದಿದ್ದರೆ ಕಾಯಿಲ್ ಅಥವಾ ಅದರೊಳಗಿನ ಥರ್ಮಲ್ ಫ್ಯೂಸ್ ಸುಟ್ಟಿದೆ.

ನನ್ನ ಅಣ್ಣಿಗೇರಿ ರೋಗದ ಗುಟ್ಟು ಇಲ್ಲಿತ್ತು. ಕಾಯಿಲ್ ತಣ್ಣಗಿದ್ದಾಗ 3.8 ಓಮ್, ಯಾವ ದೋಷವೂ ಇಲ್ಲ. ಕಾಕಾ ಎಸಿ ನಿಲ್ಲುವವರೆಗೂ ಎಂಜಿನ್ ಓಡಿಸಿ, ನಿಂತ ಕೂಡಲೇ ಎಂಜಿನ್ ಬಂದ್ ಮಾಡಿ ಮತ್ತೆ ಅಳೆದರು: ಸುಮಾರು 5. ತಾಮ್ರದ ಗುಣವೇ ಅದು, ಪ್ರತಿ ಡಿಗ್ರಿಗೆ ಶೇ 0.4ರಷ್ಟು ರೋಧ ಏರುತ್ತದೆ. 80 ಡಿಗ್ರಿ ಬಿಸಿಯೇರಿದರೆ ಮೂರನೇ ಒಂದು ಭಾಗದ ಹತ್ತಿರ. ಕರೆಂಟ್ ಮೂರೂವರೆ ಆಂಪಿಯರ್‌ನಿಂದ 2.7ಕ್ಕೆ ಇಳಿಯುತ್ತದೆ. ಅಯಸ್ಕಾಂತದ ಸೆಳೆತವಾದರೋ ಕರೆಂಟಿನ ವರ್ಗದ ಲೆಕ್ಕದಲ್ಲಿ ಬೀಳುವುದರಿಂದ ಶೇ 60ಕ್ಕೆ ಬಂದು ನಿಲ್ಲುತ್ತದೆ. ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ಸರಿಯಾಗಿದ್ದರೆ ಅಷ್ಟೂ ಸಾಕು. ಆ ಸಂದು ಸಾಮಾನ್ಯವಾಗಿ 0.3ರಿಂದ 0.6 ಮಿಲಿಮೀಟರ್ ಇರಬೇಕು. ವರ್ಷಗಟ್ಟಲೆ ಅಂಟಿ ಬಿಟ್ಟು ತೇದು ನನ್ನ ಕಾರಿನಲ್ಲಿ ಸಂದು ಅಳೆಯುವ ಫೀಲರ್ ಗೇಜಿಗೆ 0.95 ಸಿಕ್ಕಿತು. ತಣ್ಣಗಿದ್ದಾಗ ಅಷ್ಟು ದೂರವನ್ನು ಎಳೆದುಕೊಳ್ಳುವ ಕಾಯಿಲ್ ಬಿಸಿಯಾದಾಗ ಸೋಲುತ್ತಿತ್ತು.

ಕಾಕಾ ಮತ್ತೆ ಎಂಜಿನ್ ಚಾಲೂ ಮಾಡಿಸಿ ಒಂದು ಕಟ್ಟಿಗೆಯ ತುಂಡಿನಿಂದ ತಟ್ಟೆಯನ್ನು ಮೆತ್ತಗೆ ಒತ್ತಿದರು. ‘ಟಕ್’ ಎಂದು ಹಿಡಿಯಿತು, ತಂಪು ಬಂತು. (ತಿರುಗುವ ಬೆಲ್ಟಿನ ಹತ್ತಿರ ಇದು ಕೈಪಳಗಿದವರ ಕೆಲಸ. ನಾನು ಮಾಡುವುದಿಲ್ಲ, ನೀವೂ ಮಾಡಬೇಡಿ.) ಎಂಜಿನ್ ಬಂದ್ ಮಾಡಿ ನಡುವಿನ ಬೋಲ್ಟ್ ಬಿಚ್ಚಿ, ತಟ್ಟೆ ಹೊರತೆಗೆದು, ಶಾಫ್ಟಿನ ಮೇಲಿದ್ದ ವಾಶರ್‌ಗಳಲ್ಲಿ ಅರ್ಧ ಮಿಲಿಮೀಟರಿನ ಒಂದನ್ನು ತೆಗೆದು ಮತ್ತೆ ಜೋಡಿಸಿದರು. ಸಂದನ್ನು ಸುತ್ತಲೂ ಮೂರು ಕಡೆ ಅಳೆದರು, ಒಂದೇ ಕಡೆ ಅಳೆದರೆ ತಟ್ಟೆ ವಾಲಿದ್ದು ಗೊತ್ತಾಗುವುದಿಲ್ಲ. 0.45. ಆ ವಾಶರನ್ನು ನನ್ನ ಕೈಗಿಟ್ಟು, “ಇದರ ಬೆಲೆ 22,000 ಸರ್” ಎಂದರು.

ಸದ್ದು ಹೇಳುವ ಸಂಗತಿ

ಸದ್ದು ಬರುತ್ತಿದ್ದರೆ ಎಸಿ ಬಂದ್ ಮಾಡಿ ಕೇಳಿ. ಬಂದ್ ಮಾಡಿದ ಮೇಲೂ ಗೊರಗುಟ್ಟುವುದು ನಿಲ್ಲದಿದ್ದರೆ ಪುಲ್ಲಿಯ ಬೇರಿಂಗ್ ಹೋಗಿದೆ. ಅದೊಂದನ್ನೇ ಬದಲಿಸಬಹುದು, ಗ್ಯಾಸ್ ಬಿಡುವ ಅಗತ್ಯವೂ ಬರುವುದಿಲ್ಲ. ಎಸಿ ಹಾಕಿದಾಗ ಮಾತ್ರ ಬೀಸುಕಲ್ಲಿನಂಥ ಸದ್ದು ಬಂದರೆ ರೋಗ ಒಳಗಿದೆ. ಎಸಿ ಹಾಕಿದ ಕ್ಷಣ ಬೆಲ್ಟ್ ಕಿರುಚಿ ರಬ್ಬರ್ ಸುಟ್ಟ ವಾಸನೆ ಬಂದು ಎಂಜಿನ್ ಮುಗ್ಗರಿಸಿದರೆ ಕಂಪ್ರೆಸರ್ ಬಿಗಿದುಕೊಂಡಿದೆ. ಎಂಜಿನ್ ಬಂದ್ ಮಾಡಿ ಮುಂದಿನ ತಟ್ಟೆಯನ್ನು ಕೈಯಿಂದ ತಿರುಗಿಸಿ ನೋಡಿ: ಆರೋಗ್ಯವಾಗಿರುವುದು ಸ್ವಲ್ಪ ಬಿಗುವಿನಿಂದ ಸಮನಾಗಿ ತಿರುಗುತ್ತದೆ. ಅಲುಗದಿದ್ದರೂ ಕೆಟ್ಟದ್ದು, ಬಿಗುವೇ ಇಲ್ಲದೆ ಗರಗರ ತಿರುಗಿದರೂ ಕೆಟ್ಟದ್ದೇ. ಮೂತಿಯ ಸುತ್ತ ಎಣ್ಣೆಯ ಜಿಡ್ಡಿನ ಮೇಲೆ ಧೂಳು ಮೆತ್ತಿಕೊಂಡಿದ್ದರೆ ಶಾಫ್ಟ್ ಸೀಲ್ ಸೋರುತ್ತಿದೆ.

ಗೇಜ್ ಓದುವುದು

ಹೆಚ್ಚಿನವರು ಇಲ್ಲೇ ಅವಸರ ಮಾಡುತ್ತಾರೆ, ಆದ್ದರಿಂದ ನಾನು ಇಲ್ಲಿ ನಿಧಾನಿಸುತ್ತೇನೆ. ಗೇಜ್ ಜೋಡಿಸುವಾಗ ಕನ್ನಡಕವೂ ಕೈಗವಸೂ ಇರಲಿ. ಆರ್-134ಎ ಗ್ಯಾಸ್ ಹೊರಗಿನ ಒತ್ತಡದಲ್ಲಿ ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತದೆ. ಕಣ್ಣಿಗೆ ಸಿಡಿದರೆ ಕಣ್ಣೇ ಹೆಪ್ಪುಗಟ್ಟುತ್ತದೆ. ಕೆಳಗಿನ ಅಂಕಿಗಳೆಲ್ಲ ಈ ಗ್ಯಾಸಿನವು. ನಿಮ್ಮ ಕಾರಿನಲ್ಲಿ ಯಾವುದಿದೆ ಎಂಬುದು ಬಾನೆಟ್ ಒಳಗಿನ ಚೀಟಿಯಲ್ಲಿರುತ್ತದೆ.

ಎಂಜಿನ್ ಚಾಲೂ ಮಾಡುವ ಮೊದಲೇ ಒಮ್ಮೆ ಓದಿ. ಒಂದು ಗೇಜ್ ಕಂಪ್ರೆಸರಿಗೆ ಮರಳುವ ಗ್ಯಾಸಿನ ಕೆಳ ಒತ್ತಡಕ್ಕೆ, ಇನ್ನೊಂದು ಅದರಿಂದ ಹೊರಡುವ ಗ್ಯಾಸಿನ ಮೇಲಿನ ಒತ್ತಡಕ್ಕೆ. ನಿಂತ ಕಾರಿನಲ್ಲಿ ಎರಡೂ ಗೇಜ್ ಒಂದೇ ಅಂಕಿ ತೋರಿಸಬೇಕು, ಅದು ಹವೆಯ ಶಾಖವನ್ನು ಅವಲಂಬಿಸಿರುತ್ತದೆ: 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್‌ಐ, 35ರಲ್ಲಿ 114. ನಲವತ್ತೋ ಐವತ್ತೋ ಬಂದರೆ ಗ್ಯಾಸ್ ಬಹುತೇಕ ಖಾಲಿ, ಮೊದಲು ಸೋರಿಕೆ ಹುಡುಕಬೇಕು. ಆದರೆ 114 ಬಂತೆಂದು ‘ಗ್ಯಾಸ್ ಫುಲ್’ ಎನ್ನಬೇಡಿ. ಒಳಗೆ ಒಂದು ಲೋಟದಷ್ಟು ದ್ರವವಿದ್ದರೂ ಅದೇ ಒತ್ತಡ, ಚಮಚೆಯಷ್ಟಿದ್ದರೂ ಅದೇ. ಮನೆಯ ಸಿಲಿಂಡರ್ ಅರ್ಧ ಖಾಲಿಯಾದರೂ ಒಲೆಯ ಉರಿ ತಗ್ಗದಿರುವುದು ಇದೇ ಕಾರಣಕ್ಕೆ.

ಈಗ ಎಂಜಿನ್ ಚಾಲೂ ಮಾಡಿ, ಬಾಗಿಲು ತೆರೆದಿಟ್ಟು, ಬ್ಲೋವರ್ ಪೂರ್ತಿ ಇಟ್ಟು, 1,500 ಆರ್‌ಪಿಎಂ ಹಿಡಿಯಿರಿ. ನಮ್ಮ ಬೇಸಿಗೆಯ 35 ಡಿಗ್ರಿಯಲ್ಲಿ ಸರಿಯಿರುವ ಕಾರು ಕೆಳ ಒತ್ತಡ 30–45, ಮೇಲಿನ ಒತ್ತಡ 200–250ರ ಹತ್ತಿರ ತೋರಿಸುತ್ತದೆ. ಕಾರಿನಿಂದ ಕಾರಿಗೆ ಸ್ವಲ್ಪ ಆಚೀಚೆ ಆಗಬಹುದು.

ಎರಡೂ ಕಡಿಮೆಯಿದ್ದರೆ ಗ್ಯಾಸ್ ಕಡಿಮೆ. ಎರಡೂ ಹೆಚ್ಚು, ಮೇಲಿನದು 300 ದಾಟಿ ಏರುತ್ತಲೇ ಇದೆ ಎಂದರೆ ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಗ್ಯಾಸ್ ಅತಿಯಾಗಿದೆ, ಇಲ್ಲವೇ ಒಳಗೆ ಗಾಳಿ ಸೇರಿದೆ. ಆಗ ಒಂದು ಚರಿಗೆ ನೀರನ್ನು ಕಂಡೆನ್ಸರಿನ ಮೇಲೆ ನಿಧಾನವಾಗಿ ಸುರಿಯಿರಿ. ಮುಳ್ಳು ಸರ್ರನೆ ಇಳಿದು ತಂಪು ಹೆಚ್ಚಿದರೆ ಮೊದಲ ಅನುಮಾನ ಗಾಳಿಯ ಮೇಲೆ: ಫ್ಯಾನು ಅಥವಾ ಕೊಳೆ. ಕೆಳ ಒತ್ತಡ ಸೊನ್ನೆಗೂ ಕೆಳಗೆ ಜಾರುತ್ತಿದ್ದರೆ ದಾರಿಯಲ್ಲೆಲ್ಲೋ ಅಡಚಣೆ: ಎಕ್ಸ್‌ಪ್ಯಾನ್ಶನ್ ವಾಲ್ವ್ ಅಥವಾ ಡ್ರೈಯರ್. ಹತ್ತು ನಿಮಿಷ ಸರಿಯಿದ್ದು ಆಮೇಲೆ ಹೀಗೆ ಜಾರಿ, ಬಂದ್ ಮಾಡಿ ಬಿಟ್ಟರೆ ಮತ್ತೆ ಸರಿಯಾದರೆ ಒಳಗೆ ನೀರಿನ ಪಸೆ ಇದ್ದು ಕಿಂಡಿಯಲ್ಲಿ ಮಂಜುಗಟ್ಟುತ್ತಿದೆ.

ಈ ಎಲ್ಲದರಲ್ಲೂ ಕಂಪ್ರೆಸರ್ ನಿರಪರಾಧಿ ಎಂಬುದನ್ನು ಗಮನಿಸಿದಿರಾ? ಅದನ್ನು ದೂರುವ ಓದು ಒಂದೇ: ಕೆಳ ಒತ್ತಡ ಇರಬೇಕಾದದ್ದಕ್ಕಿಂತ ಹೆಚ್ಚು, ಮೇಲಿನದು ಇರಬೇಕಾದದ್ದಕ್ಕಿಂತ ಕಡಿಮೆ, ಎರಡು ಮುಳ್ಳೂ ಒಂದನ್ನೊಂದು ಹುಡುಕಿಕೊಂಡು ಹೊರಟ ಹಾಗೆ. ಎರಡು ವರ್ಷದ ನಂತರ ನನ್ನ ಕಾರಿನಲ್ಲಿ ಸಿಕ್ಕಿದ್ದು 70 ಮತ್ತು 120. ಆಕ್ಸಿಲರೇಟರ್ ಒತ್ತಿದರೂ ಕೆಳಗಿನದು ಇಳಿಯಲಿಲ್ಲ. ಕಂಪ್ರೆಸರಿಗೆ ಬರುವ ದಪ್ಪ ಪೈಪು ಬೆವರುತ್ತ ತಣ್ಣಗಿರಬೇಕು, ಹೊರಡುವ ಸಣ್ಣ ಪೈಪು ಮುಟ್ಟಲಾರದಷ್ಟು ಬಿಸಿ ಇರಬೇಕು. ನನ್ನದರಲ್ಲಿ ಎರಡೂ ಉಗುರುಬೆಚ್ಚಗೆ. ಜೊತೆಗೆ ಎಸಿ ಹಾಕಿದಾಗ ಮಾತ್ರ ಬರುವ ಬೀಸುಕಲ್ಲಿನ ಸದ್ದು.

ಇಲ್ಲಿಯೂ ಒಂದು ಕೊನೆಯ ಅವಕಾಶ ಕೊಡಿ. ಕಂಟ್ರೋಲ್ ವಾಲ್ವ್ ಇರುವ ಕಂಪ್ರೆಸರಿನಲ್ಲಿ ಆ ವಾಲ್ವ್ ಸಿಕ್ಕಿಕೊಂಡರೂ ಇದೇ ಓದು ಬರುತ್ತದೆ, ಆದರೆ ಸದ್ದಿರುವುದಿಲ್ಲ. ಅನೇಕ ಮಾದರಿಗಳಲ್ಲಿ ವಾಲ್ವ್ ಬೇರೆಯಾಗಿ ಸಿಗುತ್ತದೆ. ಗೇಜ್ ಎಲ್ಲವೂ ಸರಿ, ಪೈಪುಗಳೂ ಸರಿ, ಆದರೂ ಒಳಗೆ ಬಿಸಿಗಾಳಿ ಎಂದಾದರೆ ಡ್ಯಾಶ್‌ಬೋರ್ಡಿನೊಳಗೆ ಹೀಟರಿನ ಬಾಗಿಲು ಮುಚ್ಚುತ್ತಿಲ್ಲ. ಅದು ಬೇರೆಯೇ ಪುರಾಣ.

ಬದಲಿಸುವಾಗ

ನನ್ನ ಎರಡನೆಯ ತಪ್ಪು ಇದು. 70 ಮತ್ತು 120 ನೋಡಿದ ಮೇಲೆ ಅನುಮಾನವೇನೂ ಉಳಿದಿರಲಿಲ್ಲ. ಒಂದು ಕಡೆ ಬೆಳಗ್ಗೆ ಬಿಟ್ಟು ಸಂಜೆ ಕಾರು ತೆಗೆದುಕೊಂಡೆ: ಹಳೆಯದು ಹೊರಗೆ, ಹೊಸದು ಒಳಗೆ, ಗ್ಯಾಸ್ ತುಂಬಿಸಿದ್ದಾಯಿತು. ನಾಲ್ಕು ತಿಂಗಳಿಗೆ ಹೊಸ ಕಂಪ್ರೆಸರೂ ಬೀಸತೊಡಗಿತು. ಊರಿನಿಂದ ಮರಳಿದ್ದ ಕಾಕಾ ಅದನ್ನು ಬಿಚ್ಚಿ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಸುರಿದರು. ಆರೋಗ್ಯವಂತ ಎಣ್ಣೆ ತಿಳಿಯಾಗಿರುತ್ತದೆ. ಸೋರಿಕೆ ಹುಡುಕಲು ಬಣ್ಣ ಹಾಕಿದ್ದರೆ ಹಸಿರು ಛಾಯೆ ಇರಬಹುದು. ಇದು ಕಾಡಿಗೆಯಂತಿತ್ತು, ಬಿಸಿಲಿಗೆ ಹಿಡಿದರೆ ಬೆಳ್ಳಿಪುಡಿಯಂತೆ ಮಿನುಗುತ್ತಿತ್ತು. “ಹಳೆಯದರ ಎಣ್ಣೆಯನ್ನು ಯಾರಾದರೂ ನೋಡಿದ್ದರೇ?” ಎಂದು ಕೇಳಿದರು. ನೋಡಿರಲಿಲ್ಲ.

ಕಂಪ್ರೆಸರ್ ಒಳಗೆ ತೇದರೆ ಲೋಹದ ಪುಡಿ ಗ್ಯಾಸಿನೊಡನೆ ಹೊರಟು ಮೊದಲು ಸೇರುವುದು ಕಂಡೆನ್ಸರನ್ನು. ಈಗಿನ ಕಂಡೆನ್ಸರಿನ ಚಪ್ಪಟೆ ನಳಿಗೆಗಳೊಳಗೆ ಸೂಜಿ ತೂರದಷ್ಟು ಸಣ್ಣ ದಾರಿಗಳು ಸಾಲಾಗಿರುತ್ತವೆ. ಅದಕ್ಕೆ ಫ್ಲಶ್ ಹಾಕಿದರೆ ದ್ರಾವಣ ತೆರೆದ ದಾರಿಗಳನ್ನೇ ಹಿಡಿದು ಹೊರಬರುತ್ತದೆ, ಕಟ್ಟಿದ ದಾರಿಗಳ ಪುಡಿ ಅಲ್ಲೇ ಕೂತು ಹೊಸ ಕಂಪ್ರೆಸರಿಗಾಗಿ ಕಾಯುತ್ತದೆ. ಆದ್ದರಿಂದ ಎಣ್ಣೆಯಲ್ಲಿ ಮಿನುಗು ಕಂಡರೆ ಕಂಡೆನ್ಸರ್, ಡ್ರೈಯರ್, ಎಕ್ಸ್‌ಪ್ಯಾನ್ಶನ್ ವಾಲ್ವ್ ಮೂರನ್ನೂ ಹೊಸದು ಹಾಕಬೇಕು. ಪೈಪುಗಳನ್ನೂ ಕೂಲಿಂಗ್ ಕಾಯಿಲನ್ನೂ ಮಾತ್ರ ಫ್ಲಶ್ ಮಾಡಿ ಒಣಗಿಸಬಹುದು. ಎಣ್ಣೆ ತಿಳಿಯಾಗಿದ್ದು ಕ್ಲಚ್ಚೋ ಸೀಲೋ ಹೋಗಿದ್ದರೆ ಕಂಪ್ರೆಸರ್ ಮತ್ತು ಡ್ರೈಯರ್ ಸಾಕು. ಡ್ರೈಯರನ್ನು ಯಾವ ಸಂದರ್ಭದಲ್ಲೂ ಉಳಿಸಲು ಹೋಗಬೇಡಿ. ಅನೇಕ ಕಾರುಗಳಲ್ಲಿ ಅದು ಕಂಡೆನ್ಸರಿನ ಪಕ್ಕಕ್ಕೇ ಅಂಟಿಕೊಂಡಿರುತ್ತದೆ, ಹಾಗಾಗಿ ಇಲ್ಲವೆಂದು ಭಾವಿಸಿ ಬಿಡುವವರೂ ಇದ್ದಾರೆ.

ಬಿಚ್ಚುವ ಮೊದಲು ಗ್ಯಾಸನ್ನು ಅದನ್ನು ಹಿಡಿದಿಡುವ ಯಂತ್ರಕ್ಕೆ ಎಳೆದುಕೊಳ್ಳಬೇಕು. ಪಿನ್ ಒತ್ತಿ ಗಾಳಿಗೆ ಬಿಡುವುದು ನಮ್ಮಲ್ಲಿ ರೂಢಿ, ಆದರೆ ಒಂದು ಕಿಲೋ ಆರ್-134ಎ ಭೂಮಿಯನ್ನು ಬಿಸಿಮಾಡುವುದು ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು. ಯಂತ್ರ ಇದೆಯೇ ಎಂದು ಕೇಳಿಯೇ ಕಾರು ಬಿಡಿ. ಬೆಲ್ಟ್ ಸಡಿಲಿಸಿ, ಕನೆಕ್ಟರ್ ಕಳಚಿ, ಎರಡು ಪೈಪು ಬಿಚ್ಚಿದ ಕೂಡಲೇ ಬಾಯಿಗಳಿಗೆ ಮುಚ್ಚಳ ಹಾಕಬೇಕು. ಬೋಲ್ಟ್ ಬಿಚ್ಚಿ ಕಂಪ್ರೆಸರ್ ಇಳಿಸುವುದರಲ್ಲಿ ವಿಶೇಷವೇನೂ ಇಲ್ಲ, ಜಾಗ ಇಕ್ಕಟ್ಟು ಅಷ್ಟೇ.

ಎಣ್ಣೆಯ ಲೆಕ್ಕ ಮಾತ್ರ ಲೇವಾದೇವಿಯವರಷ್ಟೇ ಕಟ್ಟುನಿಟ್ಟಾಗಿರಲಿ. ಹಳೆಯದರಿಂದ ಎಷ್ಟು ಮಿಲಿಲೀಟರ್ ಹೊರಬಂತು ಎಂದು ಅಳೆದು ಬರೆದಿಡಿ. ಹೊಸ ಕಂಪ್ರೆಸರ್ ಎಷ್ಟೋ ಸಲ ಇಡೀ ವ್ಯವಸ್ಥೆಗೆ ಸಾಕಾಗುವಷ್ಟು ಎಣ್ಣೆಯೊಡನೆ ಬರುತ್ತದೆ. ಪೈಪುಗಳಲ್ಲಿ ಹಳೆಯ ಎಣ್ಣೆ ಇರುವಾಗ ಅದನ್ನು ಹಾಗೇ ಕೂರಿಸಿದರೆ ಹೆಚ್ಚಾದ ಎಣ್ಣೆ ಕೂಲಿಂಗ್ ಕಾಯಿಲ್‌ನ ಒಳಗೋಡೆಗೆ ಮೆತ್ತಿಕೊಂಡು ತಂಪು ತಗ್ಗಿಸುತ್ತದೆ. ಎಲ್ಲವನ್ನೂ ಬದಲಿಸಿ ಫ್ಲಶ್ ಮಾಡಿದ್ದರೆ ಪೂರ್ತಿ ಪ್ರಮಾಣ ಬೇಕು. ಪಿಎಜಿ ಎಂಬ ಕಂಪ್ರೆಸರ್ ಎಣ್ಣೆಯಲ್ಲಿ 46, 100, 150 ಎಂಬ ಬೇರೆ ಬೇರೆ ದಪ್ಪಗಳಿವೆ. ಕಂಪ್ರೆಸರಿನ ಮೇಲಿನ ಚೀಟಿ ಹೇಳಿದ್ದನ್ನೇ ಹಾಕಬೇಕು. ಈ ಎಣ್ಣೆ ಗಾಳಿಯ ತೇವವನ್ನು ಕುಡಿಯುತ್ತದೆ. ಹೋದ ಮಳೆಗಾಲದಲ್ಲಿ ತೆರೆದು ಅರ್ಧ ಉಳಿಸಿದ ಬಾಟಲಿಯನ್ನು ನಿಮ್ಮ ಕಾರಿಗೆ ಸುರಿಯಲು ಬಂದರೆ ಬೇಡವೆನ್ನಿ. ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳ ಕಂಪ್ರೆಸರಿಗೆ ಬೇರೆಯೇ ಎಣ್ಣೆ, ಬೇರೆಯೇ ಅಪಾಯ. ಕಿತ್ತಳೆ ಬಣ್ಣದ ತಂತಿ ಕಂಡರೆ ಕೈ ಹಿಂದಕ್ಕೆ ತೆಗೆದುಕೊಂಡು ತರಬೇತಾದವರ ಹತ್ತಿರ ಹೋಗಿ.

ಓ ರಿಂಗ್‌ಗಳನ್ನೆಲ್ಲ ಹೊಸದು ಹಾಕಿ ಅದೇ ಎಣ್ಣೆ ಸವರಿ ಕೂರಿಸಬೇಕು. ಜೋಡಿಸಿದ ಮೇಲೆ ಕ್ಲಚ್ ತಟ್ಟೆಯನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಪಿಸ್ಟನ್ ಮೇಲೆ ನಿಂತ ಎಣ್ಣೆ ಸರಿದುಹೋಗುತ್ತದೆ, ಇಲ್ಲವಾದರೆ ಮೊದಲ ಸುತ್ತಿಗೇ ವಾಲ್ವ್ ಮುರಿಯಬಹುದು.

ಗ್ಯಾಸ್ ತುಂಬುವ ಮೊದಲು ಪಂಪಿನಿಂದ ಒಳಗಿನ ಗಾಳಿಯನ್ನೂ ಪಸೆಯನ್ನೂ ಎಳೆದು ತೆಗೆಯಬೇಕು. ಈ ವ್ಯಾಕ್ಯೂಮ್ ವಿಷಯದಲ್ಲಿ ನಮ್ಮೂರಿನವರಿಗೇ ಒಂದು ಮಾತು. ಗೇಜ್ ಪಾದರಸದ ಲೆಕ್ಕದಲ್ಲಿ 29.9 ಇಂಚು ತೋರಿಸಬೇಕು ಎಂದು ಎಲ್ಲ ಕಡೆ ಬರೆದಿರುತ್ತದೆ, ಅದು ಸಮುದ್ರಮಟ್ಟದ ಲೆಕ್ಕ. ಹುಬ್ಬಳ್ಳಿ ಸುಮಾರು 640 ಮೀಟರ್ ಎತ್ತರದಲ್ಲಿದೆ, ಧಾರವಾಡ ಇನ್ನೂ ನೂರು ಮೀಟರಿನಷ್ಟು ಮೇಲೆ. ಇಲ್ಲಿನ ಗಾಳಿಯೇ ಹಗುರ. ಎಷ್ಟೇ ಒಳ್ಳೆಯ ಪಂಪ್ ಇದ್ದರೂ ಹುಬ್ಬಳ್ಳಿಯಲ್ಲಿ ಮುಳ್ಳು 27.7ರ ಹತ್ತಿರ, ಧಾರವಾಡದಲ್ಲಿ 27.4ರ ಹತ್ತಿರ ನಿಲ್ಲುತ್ತದೆ. ಇದನ್ನು ತಿಳಿಯದೆ ಇಲ್ಲದ ಸೋರಿಕೆಯನ್ನು ಅರ್ಧ ದಿನ ಹುಡುಕಿದವರಿದ್ದಾರೆ. ಕನಿಷ್ಠ ಅರ್ಧ ತಾಸು ಎಳೆದು, ಪಂಪ್ ಬಂದ್ ಮಾಡಿ ಇಪ್ಪತ್ತು ನಿಮಿಷ ಕಾಯಿರಿ. ಮುಳ್ಳು ಅಲ್ಲಾಡಬಾರದು. ಸೋರಿಕೆ ಪರೀಕ್ಷೆಗೆ ಪಂಕ್ಚರ್ ಅಂಗಡಿಯ ಗಾಳಿ ತುಂಬಿಸುವುದು ಬೇಡ, ಅದರಲ್ಲಿ ತೇವವೂ ಇದೆ, ಈ ಗ್ಯಾಸಿನ ಜೊತೆ ಒತ್ತಡದಲ್ಲಿ ಬೆರೆತರೆ ಹೊತ್ತಿಕೊಳ್ಳುವ ಅಪಾಯವೂ ಇದೆ. ಒಣ ನೈಟ್ರೋಜನ್ ಮತ್ತು ಸೋಪಿನ ನೊರೆ ಸಾಕು.

ಗ್ಯಾಸನ್ನು ತೂಕ ಮಾಡಿಯೇ ತುಂಬಬೇಕು. ಸಣ್ಣ ಕಾರುಗಳಿಗೆ ಬೇಕಾಗುವುದು ಅರ್ಧ ಕಿಲೋದ ಆಸುಪಾಸು. ನನ್ನದರ ಚೀಟಿಯಲ್ಲಿ 430 ಗ್ರಾಂ ಎಂದಿತ್ತು. “ಪೈಪು ಬೆವರುವವರೆಗೆ ತುಂಬುತ್ತೇವೆ” ಎನ್ನುವವರ ಕೈಗೆ ಹೊಸ ಕಂಪ್ರೆಸರ್ ಕೊಡಬೇಡಿ. ಎಂಜಿನ್ ಓಡುತ್ತಿರುವಾಗ ಗೇಜಿನ ಮೇಲೊತ್ತಡದ ಕಡೆಯ ನಲ್ಲಿಯನ್ನು ತೆರೆಯಲೇಬಾರದು, ಒತ್ತಡ ಹಿಂದಕ್ಕೆ ನುಗ್ಗಿ ಗ್ಯಾಸಿನ ಡಬ್ಬಿ ಸಿಡಿಯಬಹುದು.

ಎರಡನೆಯ ಸಲ ಈ ಎಲ್ಲವನ್ನೂ ಮಾಡಲು ಕಾಕಾರಿಗೆ ಒಂದೂವರೆ ದಿನ ಹಿಡಿಯಿತು. ಮುಗಿದಾಗ ಹೊರಗೆ 36 ಡಿಗ್ರಿ. ಗೇಜ್ 38 ಮತ್ತು 225, ಕಾರಿನೊಳಗೆ ತಂಪುಗಾಳಿ ಬರುವ ನಡುವಿನ ಕಿಂಡಿಗೆ ಸಿಕ್ಕಿಸಿದ ಥರ್ಮಾಮೀಟರಿನಲ್ಲಿ 9 ಡಿಗ್ರಿ. ವಾರದ ನಂತರ ಎಲ್ಲ ಕೀಲುಗಳಿಗೆ ಮತ್ತೊಮ್ಮೆ ನೊರೆ ಹಚ್ಚಿ ನೋಡಿದರು. ಆ ಥರ್ಮಾಮೀಟರ್ ಈಗಲೂ ಅಲ್ಲೇ ಇದೆ. ಅಣ್ಣಿಗೇರಿ ಬಂದಾಗ ಕಣ್ಣು ತಾನಾಗಿ ಅದರ ಕಡೆ ಹೋಗುತ್ತದೆ.